ಅಚ್ಚುಕೂಟದ ಡಾರ್ಕಸ್

ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾದ ವರ್ಷವೇ ಡಾರ್ಕಸ್ ಪಿಂಚಳ ಗಂಡ ಪಾರ್ಲಿಮೆಂಟಿನ ಪರ ಹೋರಾಡಿ ಸತ್ತ. ಹೆಣವೂ ಮನೆಗೆ ಬರಲಿಲ್ಲ. ಲಂಡನ್ನಿನ ನಮ್ಮ ಗಲ್ಲಿಯಲ್ಲಿ ಅವನು ನಡೆಸುತ್ತಿದ್ದ ಅಚ್ಚುಕೂಟವನ್ನು ಅವಳೇ ವಹಿಸಿಕೊಂಡಳು. ಪಕ್ಕದಲ್ಲೇ ನನ್ನ ಬಿಯರ್ ಅಂಗಡಿ. ಮೈಯೆಲ್ಲ ಮಸಿ ಮಾಡಿಕೊಂಡು ಬಂದು ಕೂತು, "ಗಂಡನಿಗಿಂತ ಈ ಯಂತ್ರಾನೇ ವಾಸಿ ಕಣೇ, ಗೊರಕೆ ಹೊಡೆಯಲ್ಲ" ಅಂತ ನಗುತ್ತಿದ್ದಳು. ಆಮೇಲೆ ಮುಖ ಆ ಕಡೆ ತಿರುಗಿಸುತ್ತಿದ್ದಳು.

ಅವಳಿಗೆ ಬರೆದುಕೊಡುತ್ತಿದ್ದವನು ಎಫ್ರೈಮ್ ಹೂಲ್. ಟೋಪಿ ಹೊಲಿಯುವುದನ್ನು ಬಿಟ್ಟು ಧರ್ಮಬೋಧಕನಾದವನು, ಎಲುಬಿನ ಹಂದರದಂಥ ಮನುಷ್ಯ. ಆತ್ಮಸಾಕ್ಷಿಗೆ ಅಪ್ಪಣೆ ಕೊಡಲು ರಾಜ ಯಾರು, ಪಾರ್ಲಿಮೆಂಟು ಯಾರು ಎಂದು ಅವನು ಬರೆದ ಕರಪತ್ರ, ಹೆಸರಿಲ್ಲದೆಯೇ, ಊರೆಲ್ಲ ಹರಡಿತು. ದಂಡಿನ ಬಿಡಾರಗಳಲ್ಲೂ ಗಟ್ಟಿಯಾಗಿ ಓದಿದರು.

ಒಂದು ಬೆಳಗ್ಗೆ ಪಾರ್ಲಿಮೆಂಟಿನ ದಳಪತಿ ಗ್ರೈಮ್ಸ್ ಸಿಪಾಯಿಗಳೊಂದಿಗೆ ಬಂದು ಅಚ್ಚುಕೂಟದ ಬಾಗಿಲು ಒಡೆದ. ಗಲಾಟೆ ಕೇಳಿ ಓಡಿದ ನನ್ನನ್ನು ಒಬ್ಬ ಗೋಡೆಗೆ ಒತ್ತಿ ಹಿಡಿದ. ಅಚ್ಚುಮೊಳೆಗಳನ್ನೆಲ್ಲ ನೆಲಕ್ಕೆ ಸುರಿದರು.

"ಬರೆದವನು ಯಾರೇ?" ಎಂದ ಗ್ರೈಮ್ಸ್.

"ನನ್ನ ಗಂಡ. ಎಲ್ಲಿ ಹೂತ್ರಿ ಅಂತ ನೀವೇ ಹೇಳ್ಬೇಕು. ಕರ್ಕೊಂಡು ಹೋದೋರು ನೀವೇ ತಾನೇ?"

ಗ್ರೈಮ್ಸ್ ಅವಳ ಬಲಗೈಯನ್ನು ಯಂತ್ರದ ಹಲಗೆಯಡಿ ತುರುಕಿ ಹಿಡಿಯನ್ನು ಜಗ್ಗಿದ. ಬೆರಳು ಮುರಿದ ಸದ್ದು ನನಗೂ ಕೇಳಿಸಿತು. ಅವಳು ಕಿರುಚಿದಳೇ ಹೊರತು ಹೆಸರು ಹೇಳಲಿಲ್ಲ. ಆ ಕೂಗು ತಾಳಲಾರದೆ, ಕಾಗದದ ಕಟ್ಟುಗಳ ಹಿಂದೆ ಅವಿತಿದ್ದ ಹೂಲ್ ಎದ್ದು ಬಂದ.

"ಅವಳನ್ನ ಬಿಡ್ರಪ್ಪಾ. ಬರ್ದಿದ್ದು ನಾನು."

"ಅಯ್ಯೋ ದಡ್ಡ ಮನುಷ್ಯ!" ಡಾರ್ಕಸ್ ಚೀರಿದಳು. "ನನ್ನ ಕೈಯಂತೂ ಹೋಗಿತ್ತು. ಈಗ ನೀವೂ ಹೋದ್ರಿ!"

ಸಿಪಾಯಿಯೊಬ್ಬ ಬಂದೂಕಿನ ಹಿಂಬದಿಯಿಂದ ಹೂಲನ ಬಾಯಿಗೆ ಗುದ್ದಿದ. ಬಿದ್ದ ಮೇಲೂ ಹೊಟ್ಟೆಗೆ ಒದ್ದರು. ಡಾರ್ಕಸ್ ಎಡಗೈಗೆ ಸಿಕ್ಕ ಕಬ್ಬಿಣದ ಸರಳನ್ನು ಎತ್ತಿ ಗ್ರೈಮ್ಸನ ಮುಖಕ್ಕೆ ಬೀಸಿದಳು. ಅವನ ಒಂದು ಕಣ್ಣು ಹೋಯಿತು.

ಇಬ್ಬರನ್ನೂ ಬೀದಿಯಲ್ಲಿ ಎಳೆದೊಯ್ದರು. ಹೂಲ್ ಸೆರೆಮನೆಯಲ್ಲಿ ರಕ್ತ ಕಾರಿ ಸತ್ತ. ಡಾರ್ಕಸ್ ವರ್ಷಗಟ್ಟಲೆ ಸೆರೆ ಕಳೆದು ಹೊರಬಂದಾಗ ತಲೆ ಪೂರ್ತಿ ನರೆತಿತ್ತು. "ದಡ್ಡ ಅಂದುಬಿಟ್ಟೆ ಕಣೇ," ಅಂದಳು. "ನಾನು ಅವರ ಜೊತೆ ಆಡಿದ ಕೊನೇ ಮಾತು ಅದು."

ಎಡಗೈಯಲ್ಲಿ ಮೊಳೆ ಜೋಡಿಸುವುದನ್ನು ಕಲಿತು ಅದೇ ಕರಪತ್ರವನ್ನು ಮತ್ತೆ ಅಚ್ಚು ಹಾಕಿದಳು. ಈ ಸಲ ಮೇಲೆ ಹೂಲನ ಹೆಸರು, ಕೆಳಗೆ ತನ್ನ ಹೆಸರು. ಸಿಪಾಯಿಗಳು ಬಂದು ಯಂತ್ರವನ್ನು ಕೊಡಲಿಯಿಂದ ಕಡಿದು ಬೀದಿಯಲ್ಲೇ ಸುಟ್ಟರು; ಯಂತ್ರವಿಲ್ಲದ ಒಂಟಿಗೈಯವಳು ಇನ್ನೇನು ಮಾಡಿಯಾಳೆಂದು ಅವಳನ್ನು ಬಿಟ್ಟುಹೋದರು. ಅಷ್ಟರಲ್ಲಿ ಕರಪತ್ರಗಳು ಊರು ದಾಟಿದ್ದವು.

ಆಮೇಲೆ ಅವಳು ನನ್ನ ಮನೆಯಲ್ಲೇ ಉಳಿದಳು. ಯುದ್ಧ ಗೆದ್ದ ಪಾರ್ಲಿಮೆಂಟಿನವರು ರಾಜನ ತಲೆ ಕಡಿದ ದಿನ ಗಲ್ಲಿಗೆ ಗಲ್ಲಿಯೇ ನೋಡಲು ಓಡಿತು. "ಬರ್ತೀಯೇನೇ?" ಅಂದೆ.

"ನೀ ಹೋಗ್ಬಾ," ಅಂದು ಬಾಗಿಲ ಹತ್ತಿರ ಒಣ ಬಟಾಣಿ ಆರಿಸಲು ಕೂತಳು. ನಾನೂ ಹೋಗಲಿಲ್ಲ.