ಎಲ್ಲವನ್ನೂ ‘ಸೆಟ್’ ಮಾಡುವ ಕಾಕಾ

ಕೊಟ್ರಪ್ಪ ಕಾಕಾಗೆ ಬರುತ್ತಿದ್ದ ಇಂಗ್ಲಿಷ್ ಪದ ಒಂದೇ: ಸೆಟ್. ಹೊಲದ ಪಂಪ್‌ಸೆಟ್ಟು, ಬಾಯಲ್ಲಿನ ಹಲ್ಲಿನ ಸೆಟ್ಟು, ಸಂಜೆಯ ಸೆಟ್ ದೋಸೆ, ಇಷ್ಟಕ್ಕೇ ನಿಂತಿದ್ದರೆ ನನ್ನ ತಕರಾರಿರುತ್ತಿರಲಿಲ್ಲ. ಮುರಿದ ಮಂಚ ಸೆಟ್ ಆಗಬೇಕು, ಹೊಸ ಚಪ್ಪಲಿ ಕಾಲಿಗೆ ಸೆಟ್ ಆಗಬೇಕು, ಕೆಟ್ಟ ಹೊಟ್ಟೆ ಮಜ್ಜಿಗೆ ಕುಡಿದರೆ ಸೆಟ್ ಆಗಬೇಕು. ನಾನು ಕೊಟ್ಟೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನು. ಅವರ ಮನೆಗೂ ನಮ್ಮ ಬಾಡಿಗೆ ಮನೆಗೂ ನಡುವೆ ಒಂದೇ ಗೋಡೆ. ಕಿವಿ ಮುಚ್ಚಿಕೊಂಡರೂ ಬಿಡುಗಡೆಯಿಲ್ಲ.

“ಒಂದ ಪದಾನ ಎಷ್ಟಂತ ದುಡಿಸ್ತೀರಿ ಕಾಕಾ?” ಎಂದರೆ, “ಅರ್ಥ ನಿಮ್ಮ ಪುಸ್ತಕದಾಗ ಇರ್ಲಿ ಮಾಸ್ತರ, ನಮಗ ಕೆಲಸ ಆದ್ರ ಸಾಕು” ಎನ್ನುತ್ತಿದ್ದರು.

ಆ ಕೆಲಸವಾದರೂ ಆಗುತ್ತಿತ್ತೇ? ಚೆನ್ನಾಗಿಯೇ ಇದ್ದ ನಮ್ಮ ಟೀವಿಯನ್ನು ಸೆಟ್ ಮಾಡುತ್ತೇನೆಂದು ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿದರು. ಆ ವಾರವೆಲ್ಲ ನಾವು ಬರೀ ಚುಕ್ಕಿ ನೋಡಿದೆವು.

ಇಂಥವರ ಕೈಗೆ ನನ್ನ ಸಂಸಾರವೂ ಸಿಕ್ಕಿತು. ಹೆಂಡತಿ ಗಿರಿಜಾ ಜಗಳವಾಡಿ ಹರಪನಹಳ್ಳಿಯ ತವರಿಗೆ ಹೋದಳು. ಕರೆಯಲು ಹೋಗುವುದಿಲ್ಲವೆಂದು ನಾನು ಹಟ ಹಿಡಿದೆ. ನಾನು ಕೇಳದೆಯೇ ಕಾಕಾ ಹೊರಟರು. ಬಸ್‌ಸ್ಟ್ಯಾಂಡಿನ ಚಹದಂಗಡಿಯಲ್ಲಿ ನಿಂತು, “ಮಾಸ್ತರ ಸಂಸಾರ ಸೆಟ್ ಮಾಡಾಕ ಹೊಂಟೀನಿ” ಎಂದು ಊರಿಗೆಲ್ಲ ಸಾರಿದರು. ಕ್ಲಾಸಿನಲ್ಲಿ ಹುಡುಗರು ಮುಸಿಮುಸಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಸಂಜೆ ಅವರ ಹಿಂದೆ ಗಿರಿಜಾ ಬಂದಳು. ಏನು ಹೇಳಿ ಕರೆತಂದಿರೆಂದು ಕೇಳಿದೆ.

“ನೀವು ಅಳಾಕ ಹತ್ತೀರಿ ಅಂದೆ. ಸೆಟ್ ಆತಿಲ್ಲ?”

ನಾನು ಒಂದು ಹನಿಯೂ ಅತ್ತಿರಲಿಲ್ಲ. ಆ ಸುಳ್ಳಿಗಾಗಿ ಎಷ್ಟೋ ದಿನ ಅವರೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ವರ್ಷಗಳ ಮೇಲೆ ಕಾಕಾ ಹಾಸಿಗೆ ಹಿಡಿದಾಗ ಇಬ್ಬರೂ ನೋಡಲು ಹೋದೆವು. ಹಲ್ಲಿನ ಸೆಟ್ಟು ತೆಗೆದಿಟ್ಟಿದ್ದರು, ಮಾತು ತೊದಲುತ್ತಿತ್ತು. ಗಿರಿಜಾಳನ್ನು ಹತ್ತಿರ ಕರೆದು, “ಇನ್ನ ಸಿಟ್ಟು ಮಾಡ್ಕೊಂಡು ತವರಿಗೆ ಹೋಗಬ್ಯಾಡವ್ವ. ಈ ಮಾಸ್ತರ ಕರಿಯಾಕ ಬರಂಗಿಲ್ಲ” ಎಂದರು. ಸಾಯುವಾಗಲೂ ನನ್ನ ಮಾನ ಕಳೆಯುವುದನ್ನು ಬಿಡಲಿಲ್ಲ.

ಅವರು ಹೋದ ಮೇಲೆ ಒಂದು ದಿನ ಮತ್ತೆ ಜಗಳವಾಯಿತು. ಗಿರಿಜಾ ಚೀಲ ಹಿಡಿದು ಹೊರಟೇಬಿಟ್ಟಳು. ಗೋಡೆಯಾಚೆಯಿಂದ ಆ ಹಾಳು ಪದ ಕೇಳಿಸೀತೆಂದು ಕಾದೆ. ಕೇಳಿಸಲಿಲ್ಲ. ಬೇಕಾದಾಗಲೇ ಇಲ್ಲದ ಆ ಮನುಷ್ಯನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆ.

ಹರಪನಹಳ್ಳಿ ಬಸ್ಸಿನ ಕಿಟಕಿಯಿಂದ ಗಿರಿಜಾ ನನ್ನ ಮುಖವನ್ನೇ ನೋಡಿದಳು. ಚೀಲ ಹಿಡಿದು ಕೆಳಗಿಳಿದು, ಸೆರಗು ನನ್ನ ಕೈಗಿತ್ತಳು.

“ಕಣ್ಣು ಒರಸ್ಕೊಳ್ರಿ. ಕಾಕಾ ಅವತ್ತು ಹೇಳಿದ್ದು ಸುಳ್ಳಲ್ಲ ಬಿಡ್ರಿ” ಎಂದಳು.