ಹುಚ್ಚಮ್ಮನ ಒಂದು ಮುಷ್ಟಿ

ಜಾವಳಿ ಕಡೆಯ ಆ ಎಸ್ಟೇಟಿನಲ್ಲಿ ಕಾಫಿ ಗಿಡಕ್ಕೆ ಎಷ್ಟು ಗೊಬ್ಬರ ಹಾಕಬೇಕು ಎಂದು ಕೇಳಿದರೆ ಮೂವತ್ತು ವರ್ಷ ಎಲ್ಲರೂ ಒಂದೇ ಉತ್ತರ ಕೊಡುತ್ತಿದ್ದರು: ಹುಚ್ಚಮ್ಮನ ಒಂದು ಮುಷ್ಟಿ. ಹೊಸದಾಗಿ ಬಂದ ಆಳುಗಳನ್ನು ಮೇಸ್ತ್ರಿ ಮೊದಲ ದಿನ ಅವಳ ಪಕ್ಕದ ಸಾಲಿಗೆ ಹಾಕುತ್ತಿದ್ದ. ಅವಳ ಕೈ ಬುಟ್ಟಿಯೊಳಗೆ ಹೋಗಿ ಬರುವುದನ್ನು ನೋಡಿ, ತಮ್ಮ ಬೆರಳುಗಳನ್ನು ಬಿಗಿ ಮಾಡಬೇಕೋ ಸಡಿಲಿಸಬೇಕೋ ಎಂದು ಅವರು ಕಲಿಯಬೇಕಿತ್ತು. ತೀರಿಹೋದ ಸಾಹುಕಾರರು ಒಮ್ಮೆ ತಮಾಷೆಗೆಂದು ಅವಳ ಹತ್ತು ಮುಷ್ಟಿಗಳನ್ನು ಒಂದೊಂದಾಗಿ ತೂಗಿಸಿದ್ದರು. ಒಂಬತ್ತು ಸರಿಯಾಗಿ ನೂರು ಗ್ರಾಂ. ಹತ್ತನೆಯದು ತೊಂಬತ್ತೆಂಟು.

"ಅವಾಗ ಸೀನು ಬಂತು, ಸಾವ್ಕಾರ್ರೇ" ಎಂದಿದ್ದಳು ಹುಚ್ಚಮ್ಮ, ತಪ್ಪೊಪ್ಪಿಕೊಳ್ಳುವವಳ ಹಾಗೆ.

ಹೆಸರಿನಲ್ಲಿ ಹುಚ್ಚಿದ್ದರೂ ಕೈಯಲ್ಲಿದ್ದದ್ದು ಅಚ್ಚು.

ಅವಳು ಹುಟ್ಟಿದ್ದು ಎಸ್ಟೇಟಿನ ಕೂಲಿ ಲೈನಿನ ಮೊದಲ ಮನೆಯಲ್ಲಿ, ಮದುವೆಯಾಗಿ ಹೋದದ್ದು ಐದನೆಯ ಮನೆಗೆ. ತವರು ಬಿಟ್ಟು ಹೋಗುವಾಗ ಅತ್ತದ್ದು ಗಂಡನ ಮನೆಗೂ ಕೇಳಿಸುವಷ್ಟು ಹತ್ತಿರ. ಗಂಡ ಬೇಗ ಹೋದ. ಮಕ್ಕಳಿರಲಿಲ್ಲ. ತಂಗಿಯ ಮಗ ಧರ್ಮೇಶನನ್ನು ಸಾಕಿ ಬಿ.ಕಾಂ. ಓದಿಸಿದಳು. ಅವನು ಓದು ಮುಗಿಸಿ ಅದೇ ಎಸ್ಟೇಟಿಗೆ ರೈಟರಾಗಿ ಬಂದ. ರೈಟರ್ ಎಂದರೆ ನಮ್ಮ ಕಡೆ ಹಾಜರಿ ಬರೆಯುವವನು. ಬೇರೆ ತರದ ರೈಟರುಗಳಿಗೆ ಇಲ್ಲಿ ಅಂಥ ಮರ್ಯಾದೆಯೇನೂ ಇಲ್ಲ.

ಕೆಲಸದಿಂದ ನಿವೃತ್ತಳಾದ ಮೇಲೂ ಹುಚ್ಚಮ್ಮ ವರ್ಷಕ್ಕೊಮ್ಮೆ, ಕಾಫಿ ಅರಳಿಸುವ ಹೂಮಳೆ ಬಿದ್ದು ಗೊಬ್ಬರದ ಕೆಲಸ ಶುರುವಾದಾಗ, ಬುಟ್ಟಿ ಹಿಡಿದು ಬಂದು ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದಳು. ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಹೋದ ವರ್ಷದ ಏಪ್ರಿಲ್‌ನಲ್ಲೂ ಬಂದಳು. ಸ್ಟೋರಿನ ಜಗಲಿಯ ಮೇಲೆ ನಲವತ್ತು ಪ್ಲಾಸ್ಟಿಕ್ ಲೋಟಗಳು ಸಾಲಾಗಿ ಕೂತಿದ್ದವು.

"ಇದೆಂತದಾ ಧರ್ಮೇಶ?"

"ಅಳತೆ ಲೋಟ ದೊಡ್ಡಮ್ಮ. ಈಗ ಅಸ್ಸಾಮಿಂದ ಬಂದೋರೇ ಜಾಸ್ತಿ. ಒಬ್ಬೊಬ್ಬರ ಮುಷ್ಟಿ ಒಂದೊಂದು ನಮೂನೆ. ಇನ್ಮೇಲೆ ಎಲ್ರಿಗೂ ಇದೇ."

"ಯಾಕೆ, ನನ್ನ ಕೈಗೆ ಎಂತ ಆಯ್ತು?"

"ಕೈಗೆ ಎಂತದೂ ಆಗ್ಲಿಲ್ಲ. ಮಂಡಿಗೆ ಆಗಿದೆ. ಆ ಇಳಿಜಾರು ಹತ್ತಿ ಇಳಿಯಕ್ಕಾಗುತ್ತಾ ನಿಂಗೆ?"

"ಮಂಡಿಯಲ್ಲಿ ಗೊಬ್ಬರ ಹಾಕ್ತಾರನಾ ಮಾರಾಯ?"

ಸುತ್ತ ನಿಂತಿದ್ದವರು ನಕ್ಕರು. ಧರ್ಮೇಶ ನಗಲಿಲ್ಲ. ತನ್ನನ್ನು ಸಾಕಿದ ಕೈಗೆ ಲೋಟ ಕೊಡಲು ಅವನಿಗೂ ಮನಸ್ಸಿರಲಿಲ್ಲ. ಯೋಚಿಸಿ ಒಂದು ದಾರಿ ಹುಡುಕಿದ. "ಅಮ್ಮಾವ್ರ ಮನೆ ಮುಂದಿನ ಲಾನು ಹಳದಿ ಬಿದ್ದಿದೆ. ಅದಕ್ಕೆ ಒಂದು ಸಲ ಹಾಕಿ ಕೊಡು. ಸಮ ನೆಲ, ಹತ್ತೋದು ಇಳಿಯೋದು ಇಲ್ಲ. ಅದು ಚೆನ್ನಾಗಿ ಬಂದ್ರೆ ಸೋಮವಾರ ತೋಟದ ದೊಡ್ಡ ಬ್ಲಾಕಿಗೆ ನೀನೇ ಮುಂದಿನ ಸಾಲು. ಲೋಟ ಇಲ್ಲದೆ."

ಮೂವತ್ತು ವರ್ಷದ ಹೆಸರು ಒಂದು ತುಂಡು ಹುಲ್ಲಿನ ಮೇಲೆ ಬಂದು ನಿಂತಿತು.

ಲೈನಿಗೂ ಲಾನಿಗೂ ಮಧ್ಯೆ ಇರುವುದು ಒಂದು ಸ್ವರದ ವ್ಯತ್ಯಾಸ, ಮತ್ತೆ ಒಂದು ಗೇಟು. ಅರವತ್ತು ವರ್ಷದಲ್ಲಿ ಹುಚ್ಚಮ್ಮ ಆ ಗೇಟು ದಾಟಿದ್ದು ಹಬ್ಬಕ್ಕೆ ಸೀರೆ ಈಸಿಕೊಳ್ಳಲು ಮಾತ್ರ. ಹುಲ್ಲಿನ ಮೇಲೆ ಕಾಲಿಟ್ಟಿರಲೇ ಇಲ್ಲ. ಸುತ್ತಲ ಗುಡ್ಡಗಳೆಲ್ಲ ಬರೀ ಹುಲ್ಲಾಗಿರುವಾಗ ಮನೆಯ ಮುಂದೆ ಬೇರೆ ಹುಲ್ಲನ್ನು ಯಾಕೆ ಸಾಕುತ್ತಾರೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಸಾಹುಕಾರರು ಹೋದ ಮೇಲೆ ಎಸ್ಟೇಟು ನೋಡಿಕೊಳ್ಳುತ್ತಿದ್ದ ಅವರ ಹೆಂಡತಿ ಗಿರಿಜಾಂಬಾ ಅವರಿಗೆ ಗೊತ್ತಿತ್ತು: ತಿಂಗಳ ಕೊನೆಗೆ ಪ್ಲಾಂಟರುಗಳ ಮನೆಯ ಹೆಂಗಸರೆಲ್ಲ ಅಲ್ಲಿ ಸೇರುವವರಿದ್ದರು. ಕಾಫಿ ಬೆಳೆಯುವವರು ಸೇರಿ ಟೀ ಕುಡಿಯಲು ಒಂದು ಹಸಿರು ಜಾಗ ಬೇಕಿತ್ತು.

"ಗಿಡಕ್ಕೆ ಹೆಂಗೆ ಹಾಕ್ತೀಯೋ ಹಂಗೇ ಹಾಕು ಹುಚ್ಚಮ್ಮ. ನಿಂಗೆ ನಾನೇನು ಹೇಳಿಕೊಡೋದು" ಎಂದು ಹೇಳಿ ಗಿರಿಜಾಂಬಾ ಕಾರು ಹತ್ತಿ ಮೂಡಿಗೆರೆಗೆ ಹೊರಟರು. ಹೊಗಳಿಕೆಯಾಗಿಯೇ ಹೇಳಿದ ಮಾತು ಅದು.

ಹುಚ್ಚಮ್ಮ ಚಪ್ಪಲಿ ಬಿಟ್ಟು ಲಾನಿನ ಅಂಚಿನಲ್ಲಿ ನಿಂತಳು. ಗಿಡಕ್ಕೆ ಹಾಕುವ ಹಾಗೆ ಹಾಕಬೇಕು. ಗಿಡ ಎಲ್ಲಿದೆ? ಕೇಳೋಣವೆಂದರೆ ಯಾರೂ ಇರಲಿಲ್ಲ. ಬಹಳ ಹೊತ್ತು ನೋಡಿದ ಮೇಲೆ ಅವಳಿಗೆ ಕಂಡಿತು. ಬೇಲಿಯ ಮೂಲೆಯಿಂದ ಆರಡಿ ಅಳೆದು ಅಲ್ಲೊಂದು ಕಾಫಿ ಗಿಡ ಇದೆ ಎಂದುಕೊಂಡಳು. ಬಗ್ಗಿ, ಇಲ್ಲದ ಬುಡದಿಂದ ಒಂದೂವರೆ ಅಡಿ ಬಿಟ್ಟು, ಸುತ್ತಲೂ ಬಳೆಯ ಹಾಗೆ ಒಂದು ಮುಷ್ಟಿ ಉದುರಿಸಿದಳು. ಮತ್ತೆ ಆರಡಿ, ಮತ್ತೊಂದು ಗಿಡ. ಸಾಲಿಗೆ ಏಳು, ಐದು ಸಾಲು. ಮೂವತ್ತೈದು ಸಲ ಬಗ್ಗಿ ಏಳುವ ಹೊತ್ತಿಗೆ ಮಂಡಿ ಎರಡೂ ಉರಿಯುತ್ತಿದ್ದವು. ಆದರೂ ಒಂದು ಕಾಳು ಆಚೀಚೆ ಬೀಳಲಿಲ್ಲ.

ನೀರಿನ ಪೈಪು ಅಲ್ಲೇ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಗೊಬ್ಬರ ಹಾಕುವುದು ಆಳಿನ ಕೆಲಸ, ನೀರು ಹಾಕುವುದು ಮೋಡದ ಕೆಲಸ. ತೋಟದಲ್ಲಿ ಅವಳು ಕಲಿತದ್ದು ಅಷ್ಟೇ. ಕಳಸದ ದಿಕ್ಕಿನಲ್ಲಿ ಮೋಡ ಕಪ್ಪಗೆ ಕಟ್ಟಿತ್ತು, ಗುಡುಗಿತು ಕೂಡ. ಆ ಸಂಜೆ ಸಂಸೆಯಲ್ಲಿ ಜೋರು ಮಳೆಯಾಯಿತಂತೆ. ಜಾವಳಿಗೆ ಬಂದದ್ದು ಸದ್ದು ಮಾತ್ರ. ಮಾರನೆಯ ದಿನ, ಅದರ ಮಾರನೆಯ ದಿನ ಕೆಂಡದಂಥ ಬಿಸಿಲು.

ಹಾಕಿದ ಗೊಬ್ಬರ ಯೂರಿಯಾ. ಅದಕ್ಕೆ ಹುಚ್ಚಮ್ಮ ಮೊದಲಿನಿಂದ 'ಉರಿಯ' ಎನ್ನುತ್ತಿದ್ದಳು. ಇಂಗ್ಲಿಷು ಕಲಿತ ನಾವೆಲ್ಲ ತಿದ್ದಿ ನಕ್ಕಿದ್ದುಂಟು. ಮೂರನೆಯ ಬೆಳಿಗ್ಗೆ ಅವಳ ಉಚ್ಚಾರಣೆಯೇ ಸರಿ ಎಂದು ಲಾನು ತೀರ್ಮಾನ ಕೊಟ್ಟಿತು. ಹುಲ್ಲು ಉರಿದು ಹೋಗಿತ್ತು. ಮೂವತ್ತೈದು ಕಂದು ಬಳೆಗಳು, ಯಾರೋ ಕಾಯಿಸಿದ ಕಬ್ಬಿಣದಿಂದ ಬರೆ ಎಳೆದ ಹಾಗೆ.

ಗಿರಿಜಾಂಬಾ ಹೇಳಿಕಳಿಸಿದರು. ಹುಚ್ಚಮ್ಮ ಕುಂಟುತ್ತ ಬಂದು ಗೇಟಿನ ಹತ್ತಿರ ನಿಂತು ನೋಡಿದಳು. ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಏನಿದು ಹುಚ್ಚಮ್ಮ? ಯಾರಾದ್ರೂ ಹುಲ್ಲಿಗೆ ಹಿಂಗೆ ಹಾಕ್ತಾರಾ?" ಗಿರಿಜಾಂಬಾ ದನಿ ಏರಿತು. "ಎರಡು ಕೈಲಿ ಎರಚಿ ನೀರು ಬಿಡೋದಲ್ವಾ? ಶುಕ್ರವಾರ ಎಲ್ರೂ ಬರ್ತಾರೆ!"

"ತಪ್ಪಾಯ್ತು ಅಮ್ಮಾವ್ರೇ."

ಧರ್ಮೇಶ ಒಂದು ಬಳೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಸುಟ್ಟ ಪಟ್ಟಿಯ ಅಗಲಕ್ಕೆ ಬೆರಳಿಟ್ಟು ನೋಡಿದ. ನಾಲ್ಕು ಬೆರಳು. ಪಕ್ಕದ್ದಕ್ಕಿಟ್ಟ. ನಾಲ್ಕು ಬೆರಳು. ಎದ್ದು ಹೋಗಿ ಆಫೀಸಿನಿಂದ ಟೇಪು ತಂದ. ಮೊದಲ ಬಳೆ ಆಚೆಯಿಂದ ಈಚೆಗೆ ಮೂರಡಿ. ಎರಡನೆಯದೂ ಮೂರಡಿ. ಕೊನೆಯ ಸಾಲಿನ ಕೊನೆಯದು, ಮಂಡಿ ಸೋತ ಮೇಲೆ ಹಾಕಿದ್ದು, ಅದೂ ಮೂರಡಿ. ಸಾಲಿನ ಮೇಲೆ ಹಗ್ಗ ಎಳೆದರೆ ಎಲ್ಲೂ ಒಂದಿಂಚು ಸೊಟ್ಟ ಇರಲಿಲ್ಲ.

"ಅಮ್ಮಾವ್ರೇ, ನೀವೇ ಒಂದ್ಸಲ ನೋಡಿ" ಎಂದ.

ಗಿರಿಜಾಂಬಾ ಸಾಲಿನ ಉದ್ದಕ್ಕೂ ನಡೆದು ನೋಡಿದರು. ಅರ್ಧಕ್ಕೆ ನಿಂತರು. ಅಲ್ಲಿದ್ದದ್ದು ಹಾಳಾದ ಲಾನಲ್ಲ. ಗಿಡಗಳಿಲ್ಲ ಎನ್ನುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಸರಿಯಾಗಿದ್ದ ಒಂದು ಕಾಫಿ ತೋಟ. ತಾವು ಹೇಳಿದ್ದ ಮಾತು ಆಗ ನೆನಪಾಯಿತು.

"ಗಿಡಕ್ಕೆ ಹಾಕೋ ಹಂಗೆ ಹಾಕು ಅಂದಿದ್ದು ನಾನೇ" ಎಂದರು ಮೆಲ್ಲಗೆ. "ನೀನು ಹಂಗೇ ಹಾಕಿದೀಯ."

"ಆದ್ರೂ ಹುಲ್ಲು ಸತ್ತಿದ್ದು ಸತ್ತಿದ್ದೇ ಅಲ್ವಾ ಅಮ್ಮಾವ್ರೇ" ಎಂದಳು ಹುಚ್ಚಮ್ಮ. ಆದರೆ ಕೈ ಸೆರಗಿನಿಂದ ಹೊರಗೆ ಬಂದಿತ್ತು.

ಶುಕ್ರವಾರದ ಟೀ ಜಗಲಿಯಲ್ಲೇ ಆಯಿತು.

ಸೋಮವಾರ ದೊಡ್ಡ ಬ್ಲಾಕಿನ ಮುಂದಿನ ಸಾಲನ್ನು ಅವಳಿಗೆಂದು ಖಾಲಿ ಬಿಟ್ಟಿದ್ದರು. ಹುಚ್ಚಮ್ಮ ಬಂದಳು, ಬುಟ್ಟಿ ತಂದಿರಲಿಲ್ಲ. ಸ್ಟೋರಿನ ಜಗಲಿಯ ಮೇಲೆ ಕಾಲು ಚಾಚಿ ಕೂತಳು.

"ಕೈ ಸರಿ ಇದೆ ಮಾರಾಯ" ಎಂದಳು ಧರ್ಮೇಶನಿಗೆ. "ಮಂಡಿ ವಿಷಯದಲ್ಲಿ ನೀ ಹೇಳಿದ್ದೇ ಸರಿ. ಸಮ ನೆಲದಲ್ಲಿ ಮೂವತ್ತೈದಕ್ಕೇ ಎರಡು ದಿನ ಏಳಕ್ಕಾಗ್ಲಿಲ್ಲ. ತಾ ಇಲ್ಲಿ ಆ ಲೋಟ."

ಚೀಲದಿಂದ ಒಂದು ಮುಷ್ಟಿ ತೆಗೆದು ಲೋಟಕ್ಕೆ ಹಾಕಿ, ಕುಲುಕಿ ಮಟ್ಟ ಮಾಡಿದಳು. "ಹಾಂ, ಇಲ್ಲಿ ಗೀರು."

ಅವನು ಚಾಕುವಿನಿಂದ ಹೊರಗಡೆ ಒಂದು ಗೆರೆ ಗೀರಿದ. ಒಂದು ಲೋಟದ ಗೆರೆ ನೋಡಿ ಉಳಿದವಕ್ಕೂ ಎಳೆಯಬಹುದಿತ್ತು. ಅವಳು ಬಿಡಲಿಲ್ಲ. ನಲವತ್ತು ಲೋಟಕ್ಕೆ ನಲವತ್ತು ಮುಷ್ಟಿ, ನಲವತ್ತು ಗೆರೆ. ಕೆಲಸಕ್ಕೆ ಹೊರಡಬೇಕಾದವರೆಲ್ಲ ಕಾದು ನಿಂತಿದ್ದರು. ಯಾರೂ ಅವಸರ ಮಾಡಲಿಲ್ಲ. ಕೊನೆಯ ಲೋಟ ಕೆಳಗಿಟ್ಟು, ಕೈ ಝಾಡಿಸಿ, ಅವಳು ಲೈನಿಗೆ ವಾಪಸು ಹೋದಳು.

ಮಳೆ ಬಂದ ಮೇಲೆ ಲಾನು ಚಿಗುರಿತು. ಬಳೆಗಳ ಅಂಚಿನಲ್ಲಿ ಹುಲ್ಲು ಕಡುಹಸಿರಾಗಿ ಎದ್ದಿತು. ಅದನ್ನು ಕತ್ತರಿಸಿ ಸಮ ಮಾಡಲು ಗಿರಿಜಾಂಬಾ ಒಪ್ಪಲಿಲ್ಲ. ಆಗಸ್ಟಿನಲ್ಲಿ ಹುಚ್ಚಮ್ಮನಿಗೆ ಜ್ವರ ಬಂತು, ಎದೆಗಿಳಿಯಿತು, ವಾರದಲ್ಲಿ ಹೋದಳು. ಮಣ್ಣು ಮಾಡುವಾಗ ಧರ್ಮೇಶ ಹಾಕಿದ ಹಿಡಿ ಮಣ್ಣು ಬೆರಳ ಸಂದಿಯಿಂದ ಸೋರುತ್ತಿತ್ತು. ಅವನಿಗೆ ಆ ಕೈ ಬಂದಿರಲಿಲ್ಲ.

ಈ ವರ್ಷ ಹೂಮಳೆ ಸ್ವಲ್ಪ ತಡವಾಯಿತು. ಗೊಬ್ಬರದ ಮೊದಲ ದಿನ, ಹೊಸದಾಗಿ ಬಂದ ಅಸ್ಸಾಮಿನ ಹೆಂಗಸೊಬ್ಬಳು ಲೋಟ ಎತ್ತಿ ಹಿಡಿದು, ಆಗಷ್ಟೇ ಕಲಿಯುತ್ತಿದ್ದ ಕನ್ನಡದಲ್ಲಿ ಮೇಸ್ತ್ರಿಯನ್ನು ಕೇಳಿದಳು.

"ಎಲ್ಲಿ ತಂಕ?"

"ಹುಚ್ಚಮ್ಮನ ತಂಕ" ಎಂದ ಮೇಸ್ತ್ರಿ, ಗೆರೆ ತೋರಿಸಿ.

ಅವಳಿಗೆ ಅದೂ ಒಂದು ಕನ್ನಡದ ಅಳತೆ ಎನಿಸಿರಬೇಕು. "ಹುಚ್ಚಮ್ಮ" ಎಂದು ಒಮ್ಮೆ ಹೇಳಿಕೊಂಡು, ಗೆರೆಯವರೆಗೆ ತುಂಬಿ, ಹೆಬ್ಬೆರಳಿನಿಂದ ಮಟ್ಟ ಮಾಡಿ ಇಳಿಜಾರು ಹತ್ತಿದಳು.