ಹೆಬ್ಬೆರಳಿನ ಸುಣ್ಣ

ನಮ್ಮ ಅತ್ತಿಗೆಯ ಕಾಲಿನ ಹೆಬ್ಬೆರಳುಗಳ ಮೇಲೆ ಆಗಾಗ ಸುಣ್ಣದ ಬಿಳಿ ಗುರುತು ಕಾಣುತ್ತಿತ್ತು. ಬೆಳಿಗ್ಗೆ ಗದ್ದೆಗಿಳಿದರೆ ತೊಳೆದುಹೋಗುತ್ತಿತ್ತು. ಸಂಜೆ ಎಲೆಅಡಿಕೆ ಚೀಲದಿಂದ ಡಬ್ಬಿ ತೆಗೆದು ಮತ್ತೆ ಹಚ್ಚಿಕೊಳ್ಳುತ್ತಿದ್ದಳು. ಮೂತ್ರ ಉರಿದರೆ ನಮ್ಮ ಸತ್ತೇಗಾಲದ ಕಡೆ ಮಾಡುವುದು ಅದನ್ನೇ. ಮೈ ಕಾವಾಗಿದೆ ಎಂದು ಹೆಬ್ಬೆರಳಿಗೆ ಸುಣ್ಣ, ನೆತ್ತಿಗೆ ಹರಳೆಣ್ಣೆ.

ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅತ್ತಿಗೆಯೇ. ಜಡೆ ಹೆಣೆಯುವಾಗ ಕಣ್ಣಲ್ಲಿ ನೀರು ಬರುವಷ್ಟು ಎಳೆಯುತ್ತಿದ್ದಳು. "ಸುಮ್ಕಿರು ಮೊಗ, ಸಂಜೆಗಂಟ ಬಿಚ್ಬಾರ್ದು" ಎನ್ನುತ್ತಿದ್ದಳು. ಎಲ್ಲವನ್ನೂ ಸಂಜೆಯವರೆಗೆ ಬಿಗಿಹಿಡಿಯುವುದು ಅವಳ ಅಭ್ಯಾಸ.

ನಾಟಿಯ ದಿನ ನೀರಿನಲ್ಲೇ ನಿಂತಿರುತ್ತಿದ್ದವಳ ತುಟಿ ಮಾತ್ರ ಒಣಗಿ ಒಡೆದಿರುತ್ತಿತ್ತು. ನಾಟಿ ಹೆಂಗಸರು ಯಾರೂ ಹಗಲು ನೀರು ಕುಡಿಯುತ್ತಿರಲಿಲ್ಲ. ಬದುವಿನ ಮೇಲೆ ಪೈರು ಹೊರುವ ಗಂಡಸರು ಓಡಾಡುತ್ತಿದ್ದರು. ಮರೆಯೆಂದರೆ ಪಕ್ಕದ ಕಬ್ಬು ಒಂದೇ. ಒಂದು ವರ್ಷ ನಾಟಿಗೆ ಮೊದಲೇ ಕಬ್ಬು ಕಡಿದು ಕುಂತೂರಿನ ಸಕ್ಕರೆ ಕಾರ್ಖಾನೆಗೆ ಸಾಗಿಸಿದ ಮೇಲೆ ಅದೂ ಇಲ್ಲವಾಯಿತು. ಆ ನಾಟಿಯಲ್ಲಿ ನಾನು ನೀರಿನ ಚೊಂಬು ಕೊಟ್ಟರೆ ಅತ್ತಿಗೆ ಬಾಯಿ ಮುಕ್ಕಳಿಸಿ ಉಗುಳಿದಳು.

ಪಕ್ಕದಲ್ಲಿ ನೆಡುತ್ತಿದ್ದ ಮುದುಕಿ, "ಕುಡಿಯಮ್ಮಿ, ನಿನ್ ಗಂಡನ್ನ ಕರ್ದು ಮರೆಗೆ ಸೀರೆ ಇಡ್ಕಂಡ್ ನಿಲ್ಸನ" ಎಂದಳು.

"ಅವ್ರಾ? ನಿಂತಲ್ಲೇ ನಿದ್ದೆ ಒಡೀತಾರೆ ಕಣತ್ತೆ."

ಎಲ್ಲರೂ ನಕ್ಕರು. ಅತ್ತಿಗೆ ಕತ್ತಲಾಗುವವರೆಗೂ ತಡೆದುಕೊಂಡಳು.

ಈ ಸಲ ಉರಿ ಬಿಡಲಿಲ್ಲ. ಮತ್ತೆ ಮತ್ತೆ ಹಿತ್ತಲಿಗೆ ಹೋಗಿ ಗೋಡೆ ಹಿಡಿದು ಬರುತ್ತಿದ್ದಳು. ಆಮೇಲೆ ಪಕ್ಕೆಯ ಹಿಂಬದಿ ನೋವು, ನಡುಕ, ಜ್ವರ, ವಾಂತಿ. ಅಣ್ಣ ಡಾಕ್ಟರ ಹತ್ತಿರ ಕರೆದೊಯ್ದರೆ, ಗಂಡಸು ಡಾಕ್ಟರ ಮುಂದೆ ಉರಿಯ ಮಾತು ಆಡಲಾರದೆ, "ನಾಟಿ ಮಾಡಿ ಸ್ವಂಟ ಇಡ್ಕಂಡದೆ ಸಾ" ಎಂದಳಂತೆ. ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಬಂದು ಮತ್ತೆ ಸುಣ್ಣ ಹಚ್ಚಿಕೊಂಡಳು.

ಮಾತು ತೊದಲತೊಡಗಿದಾಗ ಕೊಳ್ಳೇಗಾಲದ ಆಸ್ಪತ್ರೆಗೆ ಸೇರಿಸಿದೆವು. ಲೇಡಿ ಡಾಕ್ಟರು ಕೇಳಿದಾಗ ಉರಿಯ ವಿಷಯ ನಾನು ಹೇಳಿದೆ. ಮೂತ್ರದ ಸೋಂಕು ಕಿಡ್ನಿಗೆ ಏರಿ ರಕ್ತಕ್ಕೂ ಸೇರಿದೆ ಎಂದರು. ಉರಿ ಶುರುವಾದಾಗಲೇ ಬಂದಿದ್ದರೆ ಮಾತ್ರೆಯಲ್ಲೇ ವಾಸಿಯಾಗುತ್ತಿತ್ತೇನೋ ಎಂದರು. ನೀರು ಚೆನ್ನಾಗಿ ಕುಡಿಯಬೇಕು, ಬಂದಾಗ ತಡೆಯಬಾರದು ಎಂದು ನನಗೆ ಬುದ್ಧಿ ಹೇಳಿದರು. ಅದನ್ನು ಕೇಳಿಸಿಕೊಳ್ಳಬೇಕಾದವಳು ಮಂಚದ ಮೇಲೆ ಕಣ್ಣು ಮುಚ್ಚಿದ್ದಳು. ಒಮ್ಮೆ ಮಾತ್ರ ಕಣ್ಣು ಬಿಟ್ಟು ನನ್ನ ಕೈ ಹಿಡಿದಳು.

"ಚೊಂಬು ಕೊಡು ಮೊಗ. ಈಗ ಕುಡೀತೀನಿ."

ಎರಡು ಗುಟುಕೂ ಇಳಿಯಲಿಲ್ಲ. ಮಾರನೆಯ ದಿನ ಅವಳನ್ನು ಮನೆಗೆ ತಂದು ಮೈ ತೊಳೆದೆವು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸುಣ್ಣ ಉಳಿದಿತ್ತು. ಅದನ್ನು ತೊಳೆದವಳು ನಾನು.

ಈಗ ನಾಟಿಗೆ ಹೋಗುವಾಗ ಅವಳದೊಂದು ಹಳೆಯ ಸೀರೆ ಒಯ್ಯುತ್ತೇನೆ. ಗದ್ದೆಯ ಮೂಲೆಯಲ್ಲಿ ಕೋಲು ನೆಟ್ಟು ಸುತ್ತಲೂ ಕಟ್ಟಿ, ಆಮೇಲೆ ಒಬ್ಬೊಬ್ಬರಿಗೂ ಚೊಂಬು ಕೊಡುತ್ತೇನೆ. ಅಂದು ತಮಾಷೆ ಮಾಡಿದ್ದ ಆ ಮುದುಕಿ ಈಗ ನನ್ನ ಮುಖ ನೋಡುವುದಿಲ್ಲ. ನೀರು ಕುಡಿದು ಸೀರೆಯ ಹಿಂದಕ್ಕೆ ಹೋಗುತ್ತಾಳೆ.